ಪ್ರಶ್ನೆಯಲ್ಲ, ಬರೀ ಗುರುತು

ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣ ಒಂದು ಪುಟ್ಟ ಸೊನ್ನೆ. ಸೊನ್ನೆ ಎಂದರೆ ಪೂರ್ತಿ ಸೊನ್ನೆಯೂ ಅಲ್ಲ. ಅಂಕಿಯ ಪಕ್ಕದಲ್ಲಿ ಸಮಸಮನಾಗಿ ಕೂರದೆ, ಅದರ ಭುಜದ ಮೇಲೆ ಕಾಗೆಮರಿಯ ಹಾಗೆ ಹತ್ತಿ ಕೂರುವ ಡಿಗ್ರಿ ಗುರುತು.

ಆಂಡರ್ಸನ್‌ಪೇಟೆಯ ಒಂದು ಖಾಸಗಿ ಶಾಲೆ. ಅಲ್ಲಿ ಹೋದ ಸಲದ ಪರೀಕ್ಷೆಗೆ ಪ್ರಶ್ನೆಪತ್ರಿಕೆ ಟೈಪ್ ಮಾಡಿದ ಹುಡುಗಿಗೆ ಆ ಗುರುತು ಕೀಬೋರ್ಡಿನಲ್ಲಿ ಎಲ್ಲಿದೆಯೆಂದು ಸಿಗಲಿಲ್ಲ. ಅದರ ಜಾಗದಲ್ಲಿ ಸೊನ್ನೆಯನ್ನೇ ಒತ್ತಿದಳು. ಮನುಷ್ಯನ ಮೈಶಾಖ ಮೂವತ್ತೇಳು ಡಿಗ್ರಿ ಇರಬೇಕಾದದ್ದು ಮುನ್ನೂರ ಎಪ್ಪತ್ತಾಯಿತು. "ಈ ರೋಗಿಗೆ ಯಾವ ಔಷಧಿಯೂ ಬೇಡ, ಇವನು ಈಗಾಗಲೇ ಬೂದಿಯಾಗಿದ್ದಾನೆ" ಎಂದು ಒಬ್ಬ ವಿದ್ಯಾರ್ಥಿ ಉತ್ತರ ಬರೆದ. ಅದರ ಫೋಟೊ ತಂದೆತಾಯಂದಿರ ವಾಟ್ಸಾಪ್ ಗುಂಪಿಗೆ ಬಿದ್ದು, ಬೇತಮಂಗಲದವರೆಗೂ ಹೋಗಿ ಬಂತು. ಟೈಪ್ ಮಾಡಿದ ಹುಡುಗಿ ಮದುವೆಯಾಗಿ ಕುಪ್ಪಂ ಸೇರಿದಳು. ಆ ಸೊನ್ನೆ ಮಾತ್ರ ಹೆಡ್‌ಮಿಸ್ ಶಶಿರೇಖ ಮೇಡಂ ತಲೆಯಲ್ಲಿ ಮುಳ್ಳಿನ ಹಾಗೆ ಉಳಿದುಬಿಟ್ಟಿತು.

ಜಯರಾಮಪ್ಪನಿಗೂ ಆ ಸೊನ್ನೆಗೂ ಅಲ್ಲಿಯವರೆಗೆ ಯಾವ ಸಂಬಂಧವೂ ಇರಲಿಲ್ಲ. ಬಂಗಾರಪೇಟೆಯ ತಾಲ್ಲೂಕು ಆಫೀಸಿನ ಮುಂದೆ, ಹೊಂಗೆ ಮರದ ಬುಡದಲ್ಲಿ, ಮಡಚುವ ಮೇಜಿನ ಮೇಲೆ ಟೈಪ್‌ರೈಟರ್ ಇಟ್ಟುಕೊಂಡು ಮೂವತ್ತೊಂದು ವರ್ಷ ಅರ್ಜಿ ಬಡಿದವನು ಅವನು. ಚಿನ್ನದ ಗಣಿ ನಡೆಯುತ್ತಿದ್ದ ಕಾಲಕ್ಕೆ ಈ ಕಡೆ ಬೀದಿಗೊಂದು ಎನ್ನುವಷ್ಟು ಟೈಪಿಂಗ್ ಇನ್‌ಸ್ಟಿಟ್ಯೂಟ್‌ಗಳಿದ್ದವು. ಬೆಳಗಿನ ಹೊತ್ತು ಆ ಬೀದಿಗಳಲ್ಲಿ ನಡೆದರೆ ತಗಡಿನ ಮೇಲೆ ಆಲಿಕಲ್ಲು ಬಿದ್ದ ಸದ್ದು. ಅಂಥ ಒಂದರಲ್ಲಿ ಲೋಯರ್, ಹೈಯರ್ ಪರೀಕ್ಷೆ ಎರಡೂ ಪಾಸಾಗಿದ್ದ ಜಯರಾಮಪ್ಪ ಕಣ್ಣು ಮುಚ್ಚಿಕೊಂಡು ಟೈಪ್ ಮಾಡುತ್ತಿದ್ದ. ಕಣ್ಣು ಮುಚ್ಚಿಕೊಂಡು ನಿದ್ದೆಯನ್ನೂ ಮಾಡುತ್ತಿದ್ದ. ಯಾವುದು ಯಾವಾಗ ಎಂದು ಗಿರಾಕಿಗಳಿಗೆ ತಿಳಿಯುತ್ತಿರಲಿಲ್ಲ.

ಈಗ ಅರ್ಜಿಗಳೆಲ್ಲ ಫೋನಿನೊಳಕ್ಕೆ ಹೋಗಿವೆ. ಹಿಂದಿನ ತಿಂಗಳು ಅವನ ಮೇಜಿನ ಮುಂದೆ ನಿಂತವರು ಮೂರೇ ಜನ. ಒಬ್ಬ ದಾರಿ ಕೇಳಿದ, ಒಬ್ಬ ಪೆನ್ನು ಕೇಳಿದ. ಮೂರನೆಯವಳು ಮೇಜಿನ ಮೇಲೆ ಸೊಪ್ಪಿನ ಕಟ್ಟು ಇಟ್ಟು "ವಸಿ ನೋಡ್ಕಂಡಿರಣ್ಣ, ಬತ್ತೀನಿ" ಎಂದು ಹೋದವಳು ಸಾಯಂಕಾಲ ಬಂದಳು. ಮಿಕ್ಕಂತೆ ಮರದ ಮೇಲಿನ ಕಾಗೆಗಳೇ ಖಾಯಂ ಗಿರಾಕಿಗಳು. ಅವು ದಿನಾ ತಪ್ಪದೆ ಕಾಗದದ ಮೇಲೆ ಸಹಿ ಹಾಕಿ ಹೋಗುತ್ತಿದ್ದವು.

ಹೀಗಿರುವಾಗ ಟೈಪಿಸ್ಟ್ ಕೆಲಸಕ್ಕೆ ಆ ಶಾಲೆಯಿಂದ ಕರೆ ಬಂತು. ತಲೆಯ ಮೇಲೆ ಸೂರು, ಸೂರಿನ ಕೆಳಗೆ ಫ್ಯಾನು, ಫ್ಯಾನಿನ ಕೆಳಗೆ ಬೆನ್ನು ಆನಿಸುವ ಕುರ್ಚಿ. ಐವತ್ತಾರನೇ ವಯಸ್ಸಿಗೆ ಇದಕ್ಕಿಂತ ಸ್ವರ್ಗ ಬೇರೆ ಬೇಕೆ?

ಹೊರಡುವಾಗ ಹೆಂಡತಿ ಮುನಿನಾರಾಯಣಮ್ಮ ಬಾಗಿಲಿಗೆ ಅಡ್ಡ ನಿಂತಳು.

"ಬರ್ವಾಗ ಕೆಲ್ಸದ ಆರ್ಡ್ರು ಕೈಯಾಗೆ ಇಡ್ಕಂಡೇ ಬಾ. ಇಲ್ಲಾಂದ್ರೆ ಬೇತಮಂಗಲದಾಗೆ ನಮ್ಮಣ್ಣನ ಮನೇಲಿ ಏಳು ಎಮ್ಮೆ ಅವೆ. ಕಾಯೋರಿಲ್ಲ ಅಂತ ನೆನ್ನೇನೂ ಫೋನ್ ಮಾಡಿದ್ದ."

"ಎಮ್ಮೆ ಕಾಯಾಕೆ ನಾನು ಹೈಯರ್ ಪಾಸ್ ಮಾಡಿದ್ನಾ?"

"ಎಮ್ಮೆಗೋಳು ಸರ್ಟಿಫಿಕೇಟ್ ಕೇಳಾಕಿಲ್ಲ, ಓಗು."

* * *

ಶಶಿರೇಖ ಮೇಡಂ ಮಾತು ಕಮ್ಮಿ, ಕನ್ನಡಕ ದಪ್ಪ. ಮೇಜಿನ ಮೇಲೆ ಎರಡು ಕಾಗದ ಇಟ್ಟುಕೊಂಡಿದ್ದರು. ಒಂದು, ನಾಳೆ ನಡೆಯಬೇಕಾದ ಹತ್ತನೇ ಕ್ಲಾಸಿನ ವಿಜ್ಞಾನ ಪರೀಕ್ಷೆಯ ಪ್ರಶ್ನೆಗಳು. ವಿಜ್ಞಾನದ ಇಂದ್ರಾಣಿ ಮಿಸ್ ಕೈಬರಹದಲ್ಲಿ ಬರೆದುಕೊಟ್ಟು, ತಂಗಿ ಮಗುವಿನ ನಾಮಕರಣಕ್ಕೆಂದು ಬಂಗಾರಪೇಟೆಗೆ ಹೋಗಿದ್ದರು. ಇನ್ನೊಂದು, ಜಯರಾಮಪ್ಪನ ನೇಮಕದ ಆರ್ಡರು. ಸಹಿಯೊಂದು ಬಾಕಿ.

"ನೋಡಿ ಜಯರಾಮಪ್ಪನವರೇ, ನಾಲ್ಕು ಗಂಟೆಗೆ ಪೇಪರ್ ನನ್ನ ಕೈಗೆ ಬಂದರೆ ಈ ಸಹಿ ಹಾಕ್ತೀನಿ. ಎರಡು ಮಾತು ನೆನಪಿರಲಿ. ಒಂದು, ಗುರುತುಗಳೆಲ್ಲ ಮೆಷಿನ್ನಲ್ಲೇ ಬರಬೇಕು. ಪೆನ್ನಲ್ಲಿ ತಿದ್ದಿದ್ದು, ಸೊನ್ನೆ ಒತ್ತಿದ್ದು ನಡೆಯಲ್ಲ. ಎರಡು, ಈ ಪ್ರಶ್ನೆಗಳನ್ನ ಒಂದು ನೊಣಕ್ಕೂ ತೋರಿಸಬಾರದು."

"ನೊಣ ಅಲ್ಲ ಮೇಡಂ, ಗಾಳಿಗೂ ತೋರ್ಸಾಕಿಲ್ಲ" ಎಂದು ಜಯರಾಮಪ್ಪ ಆ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಬನಿಯನ್ನಿನ ಒಳಜೇಬಿಗೆ ತುರುಕಿದ.

ಕಂಪ್ಯೂಟರ್ ಕೋಣೆಯಲ್ಲಿ ಅವನಿಗಾಗಿ ಕಾದಿದ್ದುದು ಲಿನಕ್ಸ್ ಹಾಕಿದ ಯಂತ್ರ. ತಾಲ್ಲೂಕು ಆಫೀಸಿನ ಕಿಟಕಿಯಿಂದ ಅವನು ಕಂಡಿದ್ದ ಕಂಪ್ಯೂಟರುಗಳ ಹಾಗೆ ಇರಲಿಲ್ಲ ಅದು. ಪುಕ್ಕಟೆ ಸಿಗುತ್ತದೆ, ವೈರಸ್ಸಿನ ಕಾಟವೂ ಕಮ್ಮಿ ಎಂದು ಶಾಲೆಯವರು ಎಲ್ಲದಕ್ಕೂ ಅದನ್ನೇ ಹಾಕಿಸಿದ್ದರು. ಯಾವುದಾದರೇನು, ಅಕ್ಷರಗಳ ಸಾಲು ಅದೇ. ಜಯರಾಮಪ್ಪ ಬೆರಳು ಇಟ್ಟದ್ದೇ ತಡ, ಮೊದಲ ಪುಟ ಇಪ್ಪತ್ತು ನಿಮಿಷದಲ್ಲಿ ಮುಗಿಯಿತು. ಕೀಲಿಗಳನ್ನು ಅವನು ಬಡಿದ ರಭಸಕ್ಕೆ ಪಕ್ಕದ ಕೋಣೆಯ ಒಂದನೇ ಕ್ಲಾಸಿನ ಮಕ್ಕಳು ಮಳೆ ಬಂತೆಂದು ಕುಣಿದವು.

ಏಳನೇ ಪ್ರಶ್ನೆಯ ಹತ್ತಿರ ಬಂದಾಗ ಮಳೆ ನಿಂತಿತು. ಮೂವತ್ತು, ಅದರ ಭುಜದ ಮೇಲೆ ಆ ಸಣ್ಣ ಸೊನ್ನೆ!

ಕೀಬೋರ್ಡನ್ನು ಎಡದಿಂದ ಬಲಕ್ಕೆ ಹುಡುಕಿದ. ಬಲದಿಂದ ಎಡಕ್ಕೆ ಹುಡುಕಿದ. ಎತ್ತಿ ಬೆನ್ನ ಕಡೆಯೂ ನೋಡಿದ. ಅಲ್ಲಿ ಒಂದು ಒಣಗಿದ ಅವರೆಕಾಳು ಅಂಟಿಕೊಂಡಿತ್ತು, ಅಷ್ಟೆ.

ಟೈಪ್‌ರೈಟರಾಗಿದ್ದರೆ ಅವನಿಗೆ ಇದು ನೀರು ಕುಡಿದಷ್ಟು ಸುಲಭ. ಉರುಳೆಯನ್ನು ಅರ್ಧ ಹಲ್ಲು ತಿರುಗಿಸಿ ಸಣ್ಣ 'ಓ' ಹೊಡೆದರೆ ಡಿಗ್ರಿ. ಚುಕ್ಕಿ ಹೊಡೆದು, ಹಿಂದಕ್ಕೆ ಬಂದು, ಮೇಲೊಂದು ಗೀಟು ಹೊಡೆದರೆ ಉದ್ಗಾರ. ಹೀಗೆ ಇಲ್ಲದ ಗುರುತುಗಳನ್ನು ಇರುವ ಗುರುತುಗಳಿಂದ ಹುಟ್ಟಿಸುವುದರಲ್ಲಿ ಅವನದು ಎತ್ತಿದ ಕೈ. ಇಲ್ಲಿ ತಿರುಗಿಸಲು ಉರುಳೆಯೇ ಇಲ್ಲ.

ಅಷ್ಟರಲ್ಲಿ ಹಿಂದಿ ಕಲಿಸುವ ಸುಮಲತ ಮಿಸ್ ಬಾಗಿಲಲ್ಲಿ ತಲೆ ಹಾಕಿದರು. "ಏನ್ ಸಾರ್, ಸೌಂಡೇ ನಿಂತೋಯ್ತು? ಯಾವ ಪ್ರಶ್ನೇಲಿ ಸಿಕ್ಕಾಕ್ಕೊಂಡ್ರಿ?"

ಜಯರಾಮಪ್ಪ ಟವಲನ್ನು ಪರದೆಯ ಮೇಲೆ ಹೊದಿಸಿದ. "ಪ್ರಶ್ನೆ ಮಾತ್ರ ಕೇಳ್ಬೇಡಿ ಮೇಡಂ, ಪ್ರಾಣ ಓದ್ರೂ ಏಳಾಕಿಲ್ಲ. ಡಿಗ್ರಿ ಗುರುತು ಎಲ್ಲೈತೆ ಅಷ್ಟು ಏಳಿ."

"ನಂಗೆಲ್ ಗೊತ್ತು? ಹಿಂದೀಲಿ ಡಿಗ್ರೀನೇ ಬರಲ್ಲ. ಸಣ್ಣ 'ಓ' ಹೊಡೆದು ಮೇಲಕ್ಕೆ ಎತ್ತಿಬಿಡಿ."

ಹಾಗೇ ಎತ್ತಿ, ಆ ಒಂದು ಅಂಕಿಯನ್ನು ಮಾತ್ರ ಹೆಡ್‌ಮಿಸ್‌ಗೆ ತೋರಿಸಿದ್ದಾಯಿತು. ಮೇಡಂ ದಪ್ಪ ಕನ್ನಡಕದಲ್ಲಿ ನೋಡಿ, "ಇದು 'ಓ'. ಬೊಜ್ಜು ಬಂದಿರೋ 'ಓ'. ನನಗೆ ಬೇಕಾದ್ದು ಡಿಗ್ರಿ" ಎಂದು ವಾಪಸು ಕಳಿಸಿದರು.

ತಿರುಗಿ ಬರುವಷ್ಟರಲ್ಲಿ ಡ್ರಿಲ್ ಮಾಸ್ಟರ್ ಕಾಂತರಾಜ್ ಕೋಣೆಯಲ್ಲಿ ನಿಂತಿದ್ದ. ಗಣಿ ಕಾಲೊನಿಯಲ್ಲಿ ಬೆಳೆದವನು. ಅವನ ಕನ್ನಡಕ್ಕೆ ತಮಿಳಿನ ಒಗ್ಗರಣೆ ಯಾವಾಗಲೂ ಇರುತ್ತಿತ್ತು.

"ಎನ್ನಾ ಸಾರ್, ಮೆಷಿನ್ ತಕರಾರು ಮಾಡ್ತದಂತೆ? ಸುಮಲತ ಮಿಸ್ ಏಳಿದ್ರು. ಇದಕ್ಕೆಲ್ಲ ಒಂದೇ ಮದ್ದು" ಎಂದವನೇ ಸ್ವಿಚ್ ಆರಿಸಿ ಮತ್ತೆ ಹಾಕಿದ.

"ಅಯ್ಯೋ ಮಾಸ್ಟ್ರೇ! ಒಂದು ಪುಟ ಓಯ್ತಲ್ಲ!"

"ಪರವಾಯಿಲ್ಲ ಸಾರ್. ಈಗ ಫ್ರೆಶ್ ಆಗೈತೆ, ಇನ್ನೊಂದ್ಸಲ ಒಡೀರಿ. ಪ್ರಾಕ್ಟೀಸ್ ಆಗ್ತದೆ."

ಕಸ ಗುಡಿಸುತ್ತಿದ್ದ ಆಯಾ ಅಮ್ಮಾಜಮ್ಮ ಪೊರಕೆ ನಿಲ್ಲಿಸಿ ಇದನ್ನೆಲ್ಲ ನೋಡಿದಳು. "ಸಾಮಿ, ಅದನ್ನ ಇಲ್ಲಿ ಯಾರ್ನ ಕೇಳಿದ್ರೂ ಉಪಯೋಗಿಲ್ಲ. ಆ ಮೆಷಿನ್‌ಗೋಳ್ಗೆ ಜೀವ ಆಕಿದ್ದು ಎದುರುಗಡೆ ಬಾಲಾಜಿ. ಅವನ್ನ ಕೇಳಿ. ಒಳ್ಳೆ ಉಡುಗ, ಕೇಳ್ದಷ್ಟು ಏಳ್ತಾನೆ."

* * *

ಶಾಲೆಯ ಗೇಟಿನ ಎದುರಿಗೇ ಬಾಲಾಜಿಯ ಮಹಡಿಮನೆ. ಕೆಳಗೆ ಜೆರಾಕ್ಸ್ ಅಂಗಡಿ, ಮೇಲೆ ಟ್ಯೂಷನ್. ಮೂವತ್ತು ದಾಟಿದ ಗುಂಡುಮೊಗದ ಆಸಾಮಿ. ಜಯರಾಮಪ್ಪನನ್ನು ಕಂಡು ಕುರ್ಚಿಯನ್ನು ಒರೆಸಿ ಕೂರಿಸಿದ, ಟೀ ತರಿಸಿದ.

"ನೋಡಪ್ಪ ಬಾಲಾಜಿ, ಮೊದ್ಲೇ ಏಳ್ಬುಡ್ತೀನಿ. ಪ್ರಶ್ನೆಪತ್ರಿಕೆ ಗುಟ್ಟಿನ ಇಷ್ಯ. ಅದರ ಒಂದಕ್ಷರ ನನ್ನ ಬಾಯಿಂದ ಬರಾಕಿಲ್ಲ."

"ಛೇ ಛೇ! ನಂಗ್ಯಾಕ್ ಸಾರ್ ಅದೆಲ್ಲ?" ಬಾಲಾಜಿ ಕಿವಿ ಮುಟ್ಟಿಕೊಂಡ. "ಆ ಪಾಪ ನಂಗೆ ಬೇಡ. ನಿಮ್ಗೆ ಏನು ಬೇಕು ಅದನ್ನ ಏಳಿ."

"ಡಿಗ್ರಿ ಗುರುತು."

"ಅಷ್ಟೇನಾ? ಚಾಲ ಈಸಿ ಸಾರ್. ಕಂಟ್ರೋಲ್, ಶಿಫ್ಟ್, ಯು, ಮೂರೂ ಒಟ್ಟಿಗೆ ಒತ್ತಿ, ಕೈ ಬಿಡಿ. ಆಮೇಲೆ ಬಿ, ಸೊನ್ನೆ, ಎಂಟರ್." ಚೀಟಿಯಲ್ಲಿ ಬರೆಯುತ್ತಾ ಒಂದು ಗಳಿಗೆ ಪೆನ್ನು ನಿಲ್ಲಿಸಿದ. "ಆ ಡಿಗ್ರಿ ಮುಂದೆ ದೊಡ್ಡ ಸಿ ಬರ್ತದಾ ಸಾರ್? ಸಿ ಇದ್ರೆ ಕೋಡ್ ಬೇರೆ ಐತೆ."

"ಸಿ-ಗಿ ಏನಿಲ್ಲಪ್ಪ. ಬರೀ ಡಿಗ್ರಿ."

"ಅಂಗಾದ್ರೆ ಇದೇ ಸರಿ" ಎಂದು ಬಾಲಾಜಿ ಚೀಟಿ ಕೊಟ್ಟ. ಇನ್ನೊಂದು ಚೀಟಿಯಲ್ಲಿ ತನಗೂ ಏನೋ ಗೀಚಿಕೊಂಡ. ಎಷ್ಟು ಅಚ್ಚುಕಟ್ಟಾದ ಹುಡುಗ, ಲೆಕ್ಕ ಇಟ್ಟುಕೊಳ್ಳುತ್ತಾನೆ ಎಂದು ಜಯರಾಮಪ್ಪ ಮೆಚ್ಚಿದ.

ವಾಪಸು ಬಂದು, ಹೋದ ಪುಟವನ್ನು ಮತ್ತೆ ಹೊಡೆದು, ಮೂರು ಕೀಲಿ ಒಟ್ಟಿಗೆ ಒತ್ತಿದರೆ ಪರದೆಯ ಮೇಲೆ ಅಡಿಗೆರೆ ಎಳೆದ ಒಂದು 'ಯು' ಬಂದು ನಿಂತಿತು. ಕೆಟ್ಟೆನಲ್ಲ ಎಂದು ಜಯರಾಮಪ್ಪ ಅದನ್ನು ಅಳಿಸಿದ. ಮತ್ತೆ ಒತ್ತಿದ, ಮತ್ತೆ ಬಂತು, ಮತ್ತೆ ಅಳಿಸಿದ. ಮೂವತ್ತು ವರ್ಷ ತಪ್ಪಿಲ್ಲದೆ ಟೈಪ್ ಮಾಡಿದವನ ಕೈ. ಬೇಡದ ಅಕ್ಷರ ಕಂಡರೆ ತಾನಾಗಿಯೇ ಅಳಿಸಿಬಿಡುತ್ತದೆ. ಹೀಗೆ ಹದಿನೇಳು 'ಯು'ಗಳು ಹುಟ್ಟಿ ಸತ್ತವು. ಹದಿನೆಂಟನೆಯದು ಬರುವ ಹೊತ್ತಿಗೆ ಅಮ್ಮಾಜಮ್ಮ ಟೀ ತಂದಳು. ಅವಳನ್ನು ಕಂಡು ಅವನು ಗಾಬರಿಯಲ್ಲಿ ಟವಲು ಹುಡುಕುವಾಗ ಅಳಿಸುವುದು ಮರೆತುಹೋಯಿತು. ಆ ಮೇಲೆ ಚೀಟಿ ನೋಡಿ ಬಿ, ಸೊನ್ನೆ, ಎಂಟರ್ ಒತ್ತಿದ.

ಮೂವತ್ತರ ಭುಜದ ಮೇಲೆ ಪುಟ್ಟ ಸೊನ್ನೆ ಹತ್ತಿ ಕೂತಿತ್ತು. ದುಂಡಗೆ, ಮುದ್ದಾಗಿ, ಎಣ್ಣೆ ನೀರು ಹಾಕಿಸಿಕೊಂಡ ಮಗುವಿನ ಹಾಗೆ.

"ಬಂತು! ಬಂತು ಅಮ್ಮಾಜಮ್ಮ!"

"ಏನು ಬಂತು ಸಾಮಿ?"

"ಅದು ಗುಟ್ಟು."

ಹನ್ನೊಂದನೇ ಪ್ರಶ್ನೆಯಲ್ಲಿ ಇನ್ನೊಂದು ಕಂಟಕ. ಕುದುರೆ ಲಾಳದ ಹಾಗೆ ಕಾಲಗಲಿಸಿ ನಿಂತಿರುವ ಒಂದು ಗುರುತು. ಹೆಸರು ಗೊತ್ತಿಲ್ಲ. ಜಯರಾಮಪ್ಪ ಮತ್ತೆ ರಸ್ತೆ ದಾಟಿದ. ಈ ಸಲ ಬಾಲಾಜಿ ಟೀ ಜೊತೆಗೆ ಮಸಾಲೆವಡೆಯನ್ನೂ ತರಿಸಿದ. ಜಯರಾಮಪ್ಪ ಅಂಗೈ ಮೇಲೆ ಬೆರಳಿಂದ ಆ ಲಾಳವನ್ನು ಬರೆದು ತೋರಿಸಿದ.

"ಓಮ್ ಸಾರ್, ಕರೆಂಟಿನ ಓಮ್! ಅದೇ ಕಂಟ್ರೋಲ್ ಶಿಫ್ಟ್ ಯು. ಆಮೇಲೆ ಮೂರು, ಎ, ಒಂಬತ್ತು. ಒಂದೇ ಸಲ ಬರ್ತದಾ, ಶಾನೆ ಕಡೆ ಬರ್ತದಾ? ಶಾನೆ ಕಡೆ ಇದ್ರೆ ಕಾಪಿ ಒಡೆಯೋದು ಏಳ್ಕೊಡ್ತೀನಿ, ನಿಮ್ಗೆ ಬೆರಳು ನೋವು ತಪ್ತದೆ."

ಅವನ ಕರುಣೆಗೆ ಜಯರಾಮಪ್ಪನ ಕಣ್ಣು ತುಂಬಿತು. "ಮೂರು ಕಡೆ ಬರ್ತದಪ್ಪ. ಎರಡು, ನಾಕು, ಆರು ಅಂತ ಅಂಕಿ ಮುಂದೆ ಒಂದೊಂದು. ಅಲ್ಲಿಗೆ ಮುಗೀತು, ಇನ್ನೇನೂ ಕೇಳ್ಬೇಡ."

"ನಾನ್ಯಾಕ್ ಸಾರ್ ಕೇಳ್ಲಿ? ಇನ್ನೊಂದು ವಡೆ ತಗೊಳ್ಳಿ."

ಎರಡು ಗಂಟೆಗೆ ಮೂರನೇ ಪ್ರಯಾಣ. ಈ ಸಲ ಬೇಕಾದದ್ದು ಒಂದು ಬಾಣ, ಒಂದು ತ್ರಿಕೋನ. ತ್ರಿಕೋನ ಬಾಣದ ಮೇಲೆ ಕೂರಬೇಕಾ, ಪಕ್ಕದಲ್ಲಿ ನಿಲ್ಲಬೇಕಾ ಎಂದು ಬಾಲಾಜಿ ಬಹಳ ಕಾಳಜಿಯಿಂದ ವಿಚಾರಿಸಿದ. "ಬಾಣದ ನೆತ್ತಿ ಮೇಲೆ" ಎಂದ ಜಯರಾಮಪ್ಪ. ಬಾಲಾಜಿಯ ಮುಖ ಬಂಗಾರಪೇಟೆ ಪಾನಿಪುರಿಯ ಹಾಗೆ ಉಬ್ಬಿತು.

"ತ್ರಿಕೋನಕ್ಕೆ ಮೂರು, ಒಂಬತ್ತು, ನಾಕು. ಬಾಣಕ್ಕೆ ಕೋಡೇ ಬೇಡ ಸಾರ್. ಬಲಗಡೆ ಆಲ್ಟ್ ಐತಲ್ಲ, ಅದನ್ನ ಒತ್ತಿ ಬಿಡಿ. ಆಮೇಲೆ ಒಂದು ಅಡ್ಡಗೀಟು. ಆಮೇಲೆ ಶಿಫ್ಟ್ ಇಡ್ಕೊಂಡು, ಫುಲ್‌ಸ್ಟಾಪ್ ತಲೆ ಮೇಲೈತಲ್ಲ ಆ ಮೂತಿ ಗುರುತು. ಎರಡೂ ಸೇರ್ಕೊಂಡು ಬಾಣ ಆಗ್ತದೆ. ಅಂಗೇ ಓ, ಓ ಅಂತ ಎರಡು ಒತ್ತಿದ್ರೆ ಡಿಗ್ರೀನೂ ಬರ್ತದೆ."

ಜಯರಾಮಪ್ಪ ಎದ್ದು ನಿಂತ. "ಎರಡು ಗುರುತು ಒಂದ್ರ ಮೇಲೊಂದು ಒಡೆದ್ರೆ ಮೂರನೇದು ಉಟ್ತದಾ? ಲೇ, ಇದು ನಮ್ಮ ಟೈಪ್‌ರೈಟರ್ ವಿದ್ಯೆ ಕಣಪ್ಪ! ಬೆಳಿಗ್ಗೇನೇ ಏಳ್ಬಾರ್ದಾಗಿತ್ತಾ?"

ಹಳೇ ಗೆಳೆಯ ಸಿಕ್ಕಿದ ಹಾಗೆ ಕುಣಿಯುತ್ತಾ ಬಂದು ಕೂತ. ಆಲ್ಟ್ ಒತ್ತಿದ, ಗೀಟು ಒತ್ತಿದ. ಆಮೇಲೆ ಹಳೇ ಅಭ್ಯಾಸದಂತೆ, ಎರಡನೆಯದನ್ನು ಮೊದಲನೆಯದರ ಮೇಲೆ ಹೊಡೆಯಲು ಒಂದು ಹೆಜ್ಜೆ ಹಿಂದಕ್ಕೆ ಬಂದ. ಟೈಪ್‌ರೈಟರಿನಲ್ಲಿ ಹಿಂದಕ್ಕೆ ಬಂದರೆ ಬರೀ ಹಿಂದಕ್ಕೆ ಬರುವುದು. ಇಲ್ಲಿ ಹಿಂದಕ್ಕೆ ಬಂದರೆ ಇದ್ದದ್ದನ್ನೂ ನುಂಗುವುದು. ಬಾಣ ಬರಲಿಲ್ಲ, ಬದಲಿಗೆ ಹನ್ನೆರಡನೇ ಪ್ರಶ್ನೆಯ ಬಾಲ ಒಂದೊಂದೇ ಅಕ್ಷರವಾಗಿ ಸವೆಯತೊಡಗಿತು. ಅರ್ಧ ಪ್ರಶ್ನೆ ಜೀರ್ಣವಾದ ಮೇಲೆ ಅವನಿಗೆ ಹೊಳೆಯಿತು. ಎಡಗೈಯಿಂದ ಬಲಗೈಯ ಕಿರುಬೆರಳನ್ನು ಬಿಗಿಯಾಗಿ ಹಿಡಿದುಕೊಂಡು, ಅದು ಹಿಂದಕ್ಕೆ ಬರುವ ಕೀಲಿಗೆ ಹೋಗದಂತೆ ಕಾವಲು ಕಾದು, ಉಳಿದ ಬೆರಳಿನಿಂದ ಒತ್ತಿದ. ಬಾಣ ಬಂತು. ಅದರ ನೆತ್ತಿಗೆ ತ್ರಿಕೋನವೂ ಬಂತು.

ಮೂರೂಮುಕ್ಕಾಲಿಗೆ ಪ್ರಿಂಟು ಹೊರಬಿತ್ತು. ಮೂರು ಪುಟ. ಒಂದೂ ತಪ್ಪಿಲ್ಲ, ಒಂದೂ ಪೆನ್ನಿನ ಗೀಟಿಲ್ಲ.

* * *

ಶಶಿರೇಖ ಮೇಡಂ ಪತ್ರಿಕೆಯನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿದರು, ದೂರ ಹಿಡಿದು ನೋಡಿದರು. ಡಿಗ್ರಿಯ ಹತ್ತಿರ ಬಂದಾಗ ಅವರ ಮುಖದಲ್ಲಿ ನಗು ಕಂಡಿತು. ಆ ಶಾಲೆಯಲ್ಲಿ ಆ ನಗುವನ್ನು ಅಲ್ಲಿಯವರೆಗೆ ಕಂಡವರು ಕಮ್ಮಿ.

"ಡಿಗ್ರಿ ಅಂದ್ರೆ ಇದು" ಎಂದು ಆರ್ಡರ್ ಎಳೆದುಕೊಂಡು ಪೆನ್ನಿನ ಮುಚ್ಚಳ ತೆಗೆದರು.

ಜಯರಾಮಪ್ಪ ಮೇಲಕ್ಕೆ ನೋಡಿದ. ಫ್ಯಾನು ತಿರುಗುತ್ತಿತ್ತು. ಇನ್ನು ಮೇಲೆ ಅದು ತನಗಾಗಿಯೂ ತಿರುಗುತ್ತದೆ. ಏಳು ಎಮ್ಮೆಗಳು ಸಾಲಾಗಿ ಅವನ ಕಣ್ಣ ಮುಂದಿನಿಂದ ದೂರ ಸರಿದು ಬೇತಮಂಗಲದ ಕೆರೆಯೊಳಕ್ಕೆ ಇಳಿದುಹೋದವು.

ಅದೇ ಹೊತ್ತಿಗೆ ಬಾಗಿಲು ದಡಾರನೆ ತೆರೆದುಕೊಂಡಿತು. ನಾಮಕರಣದ ರೇಷ್ಮೆಸೀರೆ, ತಲೆ ತುಂಬ ಕನಕಾಂಬರ, ಕೈಯಲ್ಲಿ ತಾಂಬೂಲದ ಚೀಲ. ಇಂದ್ರಾಣಿ ಮಿಸ್ ಬಸ್ಸಿಳಿದು, ಎದುರು ಮಹಡಿಯ ಗದ್ದಲ ಕೇಳಿ ಅಲ್ಲಿ ಇಣುಕಿ, ನೇರ ಓಡಿ ಬಂದಿದ್ದರು.

"ಮೇಡಂ! ಪೇಪರ್ ಔಟ್ ಆಗಿದೆ!"

"ಏನು?"

"ಎದುರುಗಡೆ ಹೋಗಿ ನೋಡಿ! ಬಾಲಾಜಿ ಟ್ಯೂಷನ್ನಲ್ಲಿ ನಿಲ್ಲೋಕೆ ಜಾಗ ಇಲ್ಲ. ಬೋರ್ಡ್ ಮೇಲೆ 'ನಾಳೆ ಬಂದೇ ಬರುವುದು' ಅಂತ ಬರೆದಿದಾನೆ. ಗಾಜಿನ ಚಪ್ಪಡಿ ಮೇಲೆ ಬೆಳಕು ಬೀಳೋ ಕೋನ, ಎರಡು-ನಾಲ್ಕು-ಆರು ಓಮ್ ಮೂರು ರೋಧಕದ ಲೆಕ್ಕ, ಕಾಯಿಸಿದಾಗ ವಿಭಜನೆ ಆಗೋ ಸಮೀಕರಣ. ಎಲ್ಲಾ ನನ್ನ ಪ್ರಶ್ನೆಗಳೇ!"

ಪೆನ್ನಿನ ಮುಚ್ಚಳ ಮತ್ತೆ ಮುಚ್ಚಿಕೊಂಡಿತು. ಇಬ್ಬರ ಕಣ್ಣೂ ಜಯರಾಮಪ್ಪನ ಮೇಲೆ ನಿಂತವು.

"ದೇವ್ರಾಣೆ ಮೇಡಂ! ಕಾಗ್ದ ಬನಿಯನ್ ಬಿಟ್ಟು ಈಚೆಗೆ ಬಂದಿಲ್ಲ. ಟೈಪ್ ಮಾಡ್ವಾಗ ಮಾತ್ರ ಮಂಡಿ ಮೇಲಿಟ್ಕಂಡಿದ್ದೆ. ಅವನಿಗೆ ಒಂದು ಪ್ರಶ್ನೇನೂ ಏಳ್ಲಿಲ್ಲ. ಬರೀ ಗುರುತು ಕೇಳ್ದೆ."

"ಏನಂತ ಕೇಳಿದ್ರಿ?"

"ಡಿಗ್ರಿ ಎಂಗಪ್ಪ ಅಂದೆ. ಮುಂದೆ ಸಿ ಬರ್ತದಾ ಅಂದ. ಇಲ್ಲ ಅಂದೆ."

ಇಂದ್ರಾಣಿ ಮಿಸ್ ಹಣೆ ಚಚ್ಚಿಕೊಂಡರು. "ಸಿ ಇಲ್ಲ ಅಂದ್ರೆ ಶಾಖ ಅಲ್ಲ, ಕೋನ. ಈ ಸಲದ ಪಾಠದಲ್ಲಿ ಕೋನ ಬರೋದು ಬೆಳಕಲ್ಲಿ ಮಾತ್ರ!"

"ಓಮ್ ಎಷ್ಟು ಕಡೆ ಅಂದ. ಬೆರಳು ನೋಯ್ತದೆ ಅಂತ ಪಾಪ ಅವನೇ... ಮೂರು ಅಂದೆ. ಎರಡು, ನಾಕು, ಆರು ಅಂತ..."

"ಅಂಕಿ ಸಮೇತ!"

"ತ್ರಿಕೋನ ಬಾಣದ ಮೇಲಾ ಪಕ್ಕದಾಗಾ ಅಂದ."

"ಬಾಣದ ಮೇಲಿದ್ರೆ ಕಾಯಿಸೋದು ಅಂತ ಆರನೇ ಕ್ಲಾಸಿನವನೂ ಹೇಳ್ತಾನಲ್ಲ! ಮೇಡಂ, ಇವರು ಪ್ರಶ್ನೆ ಒಂದನ್ನ ಬಿಟ್ಟು ಮಿಕ್ಕಿದ್ದೆಲ್ಲಾ ಹೇಳಿದಾರೆ!"

ಜಯರಾಮಪ್ಪ ಬನಿಯನ್ನಿನ ಒಳಜೇಬಿನಿಂದ ಆ ಕಾಗದ ತೆಗೆದು, ನಾಲ್ಕು ಮಡಿಕೆಯ ಹಾಗೆಯೇ ಮೇಜಿನ ಮೇಲೆ ಇಟ್ಟ.

ಇಂದ್ರಾಣಿ ಮಿಸ್ ಸೆರಗು ಸಿಕ್ಕಿಸಿ ಅಲ್ಲೇ ಕೂತರು. "ಈಗಲೇ ಬೇರೆ ಪೇಪರ್ ಬರೀತೀನಿ. ಲೆಕ್ಕ ಬೇಡ, ಸಮೀಕರಣ ಬೇಡ, ಕೋನ ಬೇಡ. ಒಂದೇ ಒಂದು ಗುರುತು ಇರಬಾರದು. ಎಲ್ಲಾ ಬಾಯಿಮಾತಿನ ಪ್ರಶ್ನೆ." ಅರ್ಧ ಗಂಟೆಯಲ್ಲಿ ಬರೆದು ಮುಗಿಸಿದರು. ಗುರುತೇ ಇಲ್ಲದ ಮೇಲೆ ಯಾರು ಬೇಕಾದರೂ ಟೈಪ್ ಮಾಡಬಹುದಲ್ಲ. ಸುಮಲತ ಮಿಸ್ ಎರಡೇ ಬೆರಳಲ್ಲಿ ಕುಟ್ಟಿ ಕೊಟ್ಟರು. ದಿನವಿಡೀ ಬೆವರು ಸುರಿಸಿ ಕಲಿತ ನಾಲ್ಕು ಗುರುತುಗಳನ್ನು ಬೆರಳ ತುದಿಯಲ್ಲಿ ಇಟ್ಟುಕೊಂಡು ಜಯರಾಮಪ್ಪ ಕಿಟಕಿಯ ಪಕ್ಕ ನಿಂತಿದ್ದ.

ಎಲ್ಲ ಮುಗಿದ ಮೇಲೆ ಶಶಿರೇಖ ಮೇಡಂ ಅವನನ್ನು ಕರೆದರು. ಆರ್ಡರು ಇನ್ನೂ ಮೇಜಿನ ಮೇಲೆಯೇ ಇತ್ತು.

"ನೀವು ಬೇಕಂತ ಮಾಡಿದ್ದಲ್ಲ, ನನಗೆ ಗೊತ್ತು. ಈ ಮೆಷಿನ್ನಲ್ಲಿ ಡಿಗ್ರಿ ತರೋರು ನಿಮ್ಮನ್ನ ಬಿಟ್ಟರೆ ಇಲ್ಲಿ ಬೇರೆ ಇಲ್ಲ, ಅದೂ ಗೊತ್ತು. ಇನ್ನೊಂದು ಅವಕಾಶ ಕೊಡ್ತೀನಿ. ನಾಳೆ ಹತ್ತು ಗಂಟೆಗೆ ಮಕ್ಕಳ ಕೈಗೆ ಪೇಪರ್ ಹೋಗೋವರೆಗೂ ಬಾಯಿಗೆ ಬೀಗ. ಪ್ರಶ್ನೆ ಬಿಡಿ, ಒಂದು ಗುರುತು ಕೂಡ ಯಾರಿಗೂ ಹೇಳಕೂಡದು. ಹೇಳದೆ ಇದ್ದರೆ ನಾಳೆ ಹತ್ತೂ ಐದಕ್ಕೆ ಸಹಿ."

ಜಯರಾಮಪ್ಪನ ಕಣ್ಣಲ್ಲಿ ನೀರು ಬಂತು. "ತಾಯಿ, ಒಂದು ಚುಕ್ಕೀನೂ ಏಳಾಕಿಲ್ಲ. ನಮ್ಮೂರ ಮುನೇಶ್ವರನ ಆಣೆ!"

* * *

ಗೇಟು ದಾಟಿದ್ದೇ ತಡ, ಬಾಲಾಜಿ ಎದುರಿಗೆ ನಿಂತಿದ್ದ. ಮುಖ ಬಾಡಿತ್ತು. ಅಮ್ಮಾಜಮ್ಮ ಆಗಲೇ ಬಂದು ಸುದ್ದಿ ಹೇಳಿ ಹೋಗಿದ್ದಳು.

"ಸಾರ್, ಪೇಪರ್ ಚೇಂಜ್ ಆಯ್ತಂತೆ?"

ಜಯರಾಮಪ್ಪ ತುಟಿ ಬಿಗಿದು, ಬೆರಳನ್ನು ಅದರ ಮೇಲೆ ಇಟ್ಟುಕೊಂಡು ಮುಂದೆ ನಡೆದ.

"ನನ್ಮೇಲೆ ಕ್ವಾಪನಾ ಸಾರ್? ನಂದೇ ತಪ್ಪು. ನಿಮ್ಮಂಥ ದೊಡ್ಡೋರಿಗೆ ನನ್ನಿಂದ ಮಾತು ಬಂತು. ಬನ್ನಿ, ಟೀ ಕುಡೀರಿ."

"ಟೀನೂ ಬೇಡ, ವಡೇನೂ ಬೇಡ. ನಿನ್ನ ವಡೆ ತಿಂದು ನಾನು ಎಮ್ಮೆ ಕಾಯಾಕೆ ಓಗ್ತಿದ್ದೆ."

"ಆಯ್ತು ಸಾರ್, ಪ್ರಶ್ನೆ ಕೇಳಲ್ಲ. ಅಮ್ಮನಾಣೆ ಕೇಳಲ್ಲ. ಆದ್ರೆ ನಿಮ್ಗೆ ಎಲ್ಪ್ ಮಾಡೋದು ನನ್ನ ಧರ್ಮ ಅಲ್ವಾ? ಒಸಾ ಪೇಪರ್ನಾಗೆ ಯಾವ್ದಾದ್ರೂ ಗುರುತು ಬರ್ದೆ ಇದ್ರೆ ಏಳಿ, ಕೋಡ್ ಕೊಡ್ತೀನಿ. ಓಮ್ ಬೇಕಾ? ಬಾಣ ಬೇಕಾ?"

ಜಯರಾಮಪ್ಪನಿಗೆ ನಗು ಬಂತು. ಇವನು ಎಷ್ಟೇ ಚಾಲಾಕು ಮಾಡಲಿ, ಈ ಸಲ ಬಲೆಗೆ ಬೀಳಲು ಮೀನೇ ಇಲ್ಲ. ಹೇಳಲು ಒಂದು ಗುರುತಾದರೂ ಇದ್ದರಲ್ಲವೇ ಹೇಳುವ ಭಯ? ಎದೆಯುಬ್ಬಿಸಿ ಗೆದ್ದವನ ಗತ್ತಿನಲ್ಲಿ ನಿಂತ.

"ನಿನ್ನ ಆಟ ಇನ್ನು ನಡಿಯಾಕಿಲ್ಲ ಕಣ್ಲಾ ಬಾಲಾಜಿ. ಈ ಸಲ ಅದ್ರಾಗೆ ಒಂದು ಗುರುತೂ ಇಲ್ಲ! ಡಿಗ್ರಿ ಇಲ್ಲ, ಓಮ್ ಇಲ್ಲ, ಬಾಣ ಇಲ್ಲ, ಏನೂ ಇಲ್ಲ. ಈಗೇನ್ ಕೇಳ್ತೀಯ ಕೇಳು!"

ಬಾಲಾಜಿ ಒಂದು ಗಳಿಗೆ ಕಣ್ಣು ಮಿಟುಕಿಸಿದ. ಬಾಡಿದ್ದ ಮುಖ ನಿಧಾನವಾಗಿ ಅರಳಿತು. ಜಯರಾಮಪ್ಪನ ಎರಡೂ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡು, ಮೆಟ್ಟಿಲುಗಳನ್ನು ಎರಡೆರಡಾಗಿ ಹಾರುತ್ತಾ ಮೇಲಕ್ಕೆ ಓಡಿದ. ಮಹಡಿಯಿಂದ ಅವನ ದನಿ ಬೀದಿಗೆಲ್ಲ ಕೇಳಿಸಿತು.

"ಲೇ, ಲೆಕ್ಕ ಮುಚ್ಚಾಕ್ರೋ! ಸಮೀಕರಣ ಬಿಟ್ಬಿಡ್ರೋ! ಒಂದು ಗುರುತೂ ಇಲ್ವಂತೆ! ಗುರುತಿಲ್ದೆ ಬರೆಯೋ ಪಾಠ ಇರೋದೇ ಎರಡು. ಜೀರ್ಣಾಂಗ ಓದ್ಕೊಳ್ಳಿ, ಪರಿಸರ ಓದ್ಕೊಳ್ಳಿ, ಮನೇಗ್ ಓಗಿ ಮಲಗ್ರೋ!"

ಐವತ್ತು ಮಕ್ಕಳು ಒಟ್ಟಿಗೆ ಹೋ ಎಂದು ಕೂಗಿದ ಸದ್ದಿಗೆ ರಸ್ತೆಬದಿಯ ಮರದ ಮೇಲಿನ ಗಿಣಿಗಳು ಎದ್ದು ಹಾರಿದವು. ಶಾಲೆಯ ಮೇಲಂತಸ್ತಿನಲ್ಲಿ ಒಂದು ಕಿಟಕಿ ತೆರೆಯಿತು. ಕಿಟಕಿಯಲ್ಲಿ ದಪ್ಪ ಕನ್ನಡಕ, ಅದರ ಪಕ್ಕದಲ್ಲಿ ಕನಕಾಂಬರ.

ಜಯರಾಮಪ್ಪ ರಸ್ತೆಯ ನಡುವೆ ನಿಂತು, ಎರಡೂ ಕೈ ಮೇಲೆತ್ತಿ, ಅಲ್ಲಿಗೆ ಕೇಳುವ ಹಾಗೆ ಕೂಗಿದ.

"ಮೇಡಂ! ಈ ಸಲ ನಾನು ಗುರುತೂ ಏಳ್ಲಿಲ್ಲ!"